ದಂಡು ಬಿಟ್ಟುಹೋದ ಗುಡ್ಡಗಳಲ್ಲಿ ಎರಡು ದಿನ

ಊರಿನಿಂದ ಯಾರೇ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರೂ ಇಲ್ಲಿರುವ ನಮ್ಮವರು ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಕಡಲ ಸಿಂಹಗಳು ಬಿಸಿಲು ಕಾಯಿಸುತ್ತಾ ಬಿದ್ದಿರುವ ಪಿಯರ್ 39, ಹಾವಿನ ಹಾಗೆ ಬಳುಕುವ ಲೊಂಬಾರ್ಡ್ ಸ್ಟ್ರೀಟ್, ಸಂಜೆಗೆ ಎಲ್ಲಾದರೂ ಮಸಾಲೆ ದೋಸೆ. ಸೇತುವೆ ದಾಟಿ, ಆಚೆ ಬದಿಯ ಗುಡ್ಡದ ಮೇಲೆ ನಿಂತು ಒಂದು ಫೋಟೊ ತೆಗೆಸಿಕೊಂಡರೆ ಪ್ರವಾಸ ಮುಗಿದ ಹಾಗೆ. ಆ ಗುಡ್ಡದ ಬೆನ್ನಿಗೆ ಏನಿದೆ ಅಂತ ಹೆಚ್ಚಿನವರು ತಿರುಗಿ ನೋಡೋದಿಲ್ಲ.

ಅಲ್ಲಿರೋದು ಮರಿನ್ ಹೆಡ್‌ಲ್ಯಾಂಡ್ಸ್. ಪೆಸಿಫಿಕ್ ಸಾಗರಕ್ಕೆ ಮೂಗು ಚಾಚಿ ನಿಂತ ಬೋಳು ಗುಡ್ಡಗಳ ಸಾಲು. ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಅಮೆರಿಕದ ಸೇನೆಯ ಕೈಯಲ್ಲಿತ್ತು. ಈಗ ಅದೇ ಬ್ಯಾರಕ್ಕು, ಬಂಕರು, ಕ್ಷಿಪಣಿ ಗುಂಡಿಗಳ ನಡುವೆ ಮಕ್ಕಳ ವಿಜ್ಞಾನ ಮ್ಯೂಸಿಯಂ ಇದೆ, ಕಲಾವಿದರ ಕೇಂದ್ರ ಇದೆ, ಕಡಲ ಪ್ರಾಣಿಗಳಿಗೊಂದು ಆಸ್ಪತ್ರೆ ಇದೆ, ಆಕಾಶ ನೋಡುತ್ತಾ ಗಿಡುಗಗಳನ್ನು ಎಣಿಸುವ ಒಂದು ತಂಡವೂ ಇದೆ.

ಸೇನಾ ನೆಲೆಗೆ ನಮ್ಮ ಭಾಷೆಯಲ್ಲಿ ಒಂದು ಚೆಂದದ ಪದ ಇದೆ: ದಂಡು. ಬ್ರಿಟಿಷರು 1809ರಲ್ಲಿ ಬೆಂಗಳೂರಿಗೆ ತಂದ ದಂಡು ಇವತ್ತಿಗೂ ಇನ್‌ಫೆಂಟ್ರಿ ರೋಡು, ಬ್ರಿಗೇಡ್ ರೋಡು, ಆರ್ಟಿಲರಿ ರೋಡುಗಳ ಹೆಸರಿನಲ್ಲಿ ಉಳಿದಿದೆ, ರೈಲ್ವೆ ನಿಲ್ದಾಣದ ಹೆಸರಿನಲ್ಲೂ ಇದೆ. ಅಲ್ಲಿ ದಂಡಿನ ಸುತ್ತ ಊರೇ ಬೆಳೆದುಬಿಟ್ಟಿತು. ಇಲ್ಲಿ ಹಾಗಲ್ಲ, ದಂಡು ಗಂಟುಮೂಟೆ ಕಟ್ಟಿ ಹೊರಟುಹೋಯಿತು. ಹೋದ ಮೇಲೆ ಆ ಜಾಗ ಏನಾಯಿತು ಅನ್ನೋದೇ ಈ ಲೇಖನ.

ಹೋದ ಅಕ್ಟೋಬರ್‌ನಲ್ಲಿ ಅಪ್ಪ ಅವ್ವ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು. ಅಪ್ಪ ಗದಗ ಕಡೆಯವರು, ಸೇನೆಯ ತೋಪಖಾನೆಯಲ್ಲಿ ಇಪ್ಪತ್ತು ವರ್ಷ ಇದ್ದವರು. 1999ರಲ್ಲಿ ಕಾರ್ಗಿಲ್‌ನಲ್ಲಿ ಬೋಫೋರ್ಸ್ ಹಿಂದೆ ನಿಂತಿದ್ದವರು. ಎಡಗಿವಿ ಅವತ್ತಿನಿಂದ ಮಂದ. ಮಾತು ಮೊದಲಿನಿಂದಲೂ ಕಡಿಮೆ, ಕಾರ್ಗಿಲ್ ಬಗ್ಗೆಯಂತೂ ಇಲ್ಲವೇ ಇಲ್ಲ. ಪಿಯರ್ 39ರಲ್ಲಿ ಅರ್ಧ ಗಂಟೆಗೇ "ಸಾಕ ನಡೀರಿ" ಅಂದಿದ್ದರು. ಇನ್ನೆಲ್ಲಿಗೆ ಕರೆದುಕೊಂಡು ಹೋಗೋದು ಅಂತ ಯೋಚಿಸಿದಾಗ ಹೊಳೆದದ್ದು ಈ ಗುಡ್ಡಗಳು. ಒಂದು ಶನಿವಾರ ಮತ್ತು ಮರುದಿನ, ತಿಂಗಳ ಮೊದಲ ಭಾನುವಾರ ಹೋದೆವು.

ಸೇತುವೆ ದಾಟಿದ ಕೂಡಲೇ ಬುಡದಲ್ಲೇ ಸಿಗೋದು ಫೋರ್ಟ್ ಬೇಕರ್. ನಡುವೆ ದೊಡ್ಡ ಹುಲ್ಲು ಹಾಸಿನ ಪರೇಡ್ ಮೈದಾನ, ಸುತ್ತ ಬಿಳಿ ಬಣ್ಣದ ಅಧಿಕಾರಿಗಳ ಮನೆಗಳು. ಆ ಮನೆಗಳು 2008ರಿಂದ ಒಂದು ಐಷಾರಾಮಿ ಹೋಟೆಲು. ಅಲ್ಲಿ ಒಂದು ರಾತ್ರಿ ಉಳಿಯುವ ಯೋಚನೆಯನ್ನು ಬಾಡಿಗೆ ನೋಡಿಯೇ ಬಿಟ್ಟೆವು. ಅದರಿಂದ ಸ್ವಲ್ಪ ದೂರದಲ್ಲಿ, ನೀರಿನ ಅಂಚಿಗೆ, ಬೇ ಏರಿಯಾ ಡಿಸ್ಕವರಿ ಮ್ಯೂಸಿಯಂ. ಇದೂ ಹಳೆಯ ಸೇನಾ ಕಟ್ಟಡಗಳಲ್ಲೇ ನಡೆಯುತ್ತೆ. ಮುಟ್ಟಬೇಡಿ ಅನ್ನುವ ಬೋರ್ಡಿನ ಮ್ಯೂಸಿಯಂ ಅಲ್ಲ. ಮುಟ್ಟಿ, ಕಟ್ಟಿ, ಬೀಳಿಸಿ ಕಲಿಯುವ ಜಾಗ. ನಮ್ಮ ಮೂರು ವರ್ಷದ ಮಗಳು ಅಲ್ಲಿಂದ ಹೊರಗೆ ಬರಲು ಒಪ್ಪಲೇ ಇಲ್ಲ.

ಇಲ್ಲಿಂದ ಒಳಗಿನ ಕಣಿವೆಗೆ ಹೋಗಲು ಒಂದು ಸುರಂಗ ಇದೆ. ಅದರಲ್ಲಿ ಕಾರುಗಳಿಗೆ ಒಂದೇ ಸಾಲು. ಈ ಕಡೆಯವರು ಹೋಗುವಾಗ ಆ ಕಡೆಯವರು ಕಾಯಬೇಕು. ಕೆಂಪು ದೀಪ ಬಿದ್ದರೆ ಐದು ನಿಮಿಷ ಸುಮ್ಮನೆ ಕೂರಬೇಕು. ಒಮ್ಮೆ ಸುರಂಗ ದಾಟಿದರೆ ನಗರ ಮಾಯ. ಹಿಂದೆ ಲಕ್ಷಗಟ್ಟಲೆ ಜನ ಇದ್ದಾರೆ ಅಂತ ನಂಬೋಕೇ ಆಗಲ್ಲ. ಮುಂದೆ ಒಣಹುಲ್ಲಿನ ಗುಡ್ಡ, ಒಂದು ಹಿನ್ನೀರು, ಅದರಾಚೆ ಸಮುದ್ರ.

ಈ ಖಾಲಿತನ ತಾನಾಗಿ ಉಳಿದಿದ್ದಲ್ಲ. ಬಂದರಿನ ಬಾಯಿ ಕಾಯಬೇಕು ಅಂತ ಸೇನೆ ಈ ಗುಡ್ಡಗಳನ್ನು ಹಿಡಿದುಕೊಂಡಿತ್ತು. ಫೋರ್ಟ್ ಬೇಕರ್, ಫೋರ್ಟ್ ಬ್ಯಾರಿ, ಫೋರ್ಟ್ ಕ್ರಾಂಕೈಟ್ ಅಂತ ಒಂದರ ಪಕ್ಕ ಒಂದು ಕೋಟೆ. ಕೋಟೆ ಅಂದರೆ ಚಿತ್ರದುರ್ಗದ ಹಾಗೆ ಕಲ್ಲಿನ ಗೋಡೆಗಳಲ್ಲ, ತೋಪು ನಿಲ್ಲಿಸಿದ ಕಾಂಕ್ರೀಟ್ ಕಟ್ಟೆಗಳು ಮತ್ತು ಮರದ ಬ್ಯಾರಕ್‌ಗಳು. ಸೇನೆಯ ಜಾಗ ಆದ್ದರಿಂದ ಯಾರೂ ಮನೆ ಕಟ್ಟಲಿಲ್ಲ. ಪಕ್ಕದ ಖಾಸಗಿ ಕಣಿವೆಯಲ್ಲಿ 1960ರ ದಶಕದಲ್ಲಿ ಮರಿನ್‌ಚೆಲ್ಲೊ ಎಂಬ ಹೊಸ ಪಟ್ಟಣವನ್ನೇ ಕಟ್ಟುವ ಯೋಜನೆ ಬಂತು. 30,000 ಜನರಿಗೆ ಮನೆ, ಗೋಪುರದಂಥ ಅಪಾರ್ಟ್‌ಮೆಂಟುಗಳು. ಸ್ಥಳೀಯರು ವರ್ಷಗಟ್ಟಲೆ ಹೋರಾಡಿ ಕೋರ್ಟಿಗೂ ಹೋಗಿ ಅದನ್ನು ನಿಲ್ಲಿಸಿದರು. 1972ರಲ್ಲಿ ಅಮೆರಿಕದ ಸಂಸತ್ತು ಗೋಲ್ಡನ್ ಗೇಟ್ ರಾಷ್ಟ್ರೀಯ ಮನರಂಜನಾ ಪ್ರದೇಶ ಎಂಬ ಉದ್ಯಾನವನ್ನು ಮಾಡಿತು. ಸೇನೆಗೆ ಬೇಡವಾದ ಜಾಗ ಒಂದೊಂದಾಗಿ ಉದ್ಯಾನಕ್ಕೆ ಸೇರುತ್ತಾ ಹೋಯಿತು.

ಜಾಗ ಸಿಕ್ಕಿತು ಸರಿ, ಕಟ್ಟಡಗಳನ್ನು ಏನು ಮಾಡೋದು? ಉಪ್ಪುಗಾಳಿಗೆ ತುಕ್ಕು ಹಿಡಿಯುವ, ಗೆದ್ದಲು ತಿನ್ನುವ ಹಳೇ ಕಟ್ಟಡಗಳು. ಎಲ್ಲವನ್ನೂ ದುರಸ್ತಿ ಮಾಡುವಷ್ಟು ದುಡ್ಡು ಉದ್ಯಾನದ ಬಳಿ ಇರಲಿಲ್ಲ. ಕೆಡವಿದರೆ ಇತಿಹಾಸ ಹೋಗುತ್ತೆ. ಅವರು ಕಂಡುಕೊಂಡ ದಾರಿ ಸರಳ: ಲಾಭಕ್ಕಾಗಿ ಅಲ್ಲದ ಸಣ್ಣ ಸಣ್ಣ ಸಂಸ್ಥೆಗಳಿಗೆ ಕಟ್ಟಡಗಳನ್ನು ಒಪ್ಪಂದದ ಮೇಲೆ ಕೊಡುವುದು. ನೀವು ಬಳಸಿ, ಚಾವಣಿ ಸೋರಿದರೆ ನೀವೇ ನೋಡಿಕೊಳ್ಳಿ, ಜನರಿಗೆ ಬಾಗಿಲು ತೆರೆದಿಡಿ. ನೆಲ ಮಾತ್ರ ಸಾರ್ವಜನಿಕರದ್ದೇ. ಹೀಗೆ ಒಂದು ದೊಡ್ಡ ಮಾಸ್ಟರ್ ಪ್ಲಾನ್‌ನಿಂದ ಅಲ್ಲ, ಒಂದೊಂದೇ ಕಟ್ಟಡಕ್ಕೆ ಒಬ್ಬೊಬ್ಬರು ಜೀವ ಕೊಡುತ್ತಾ ಈ ಜಾಗ ಬದಲಾಯಿತು.

ಒಂದೇ ಒಂದು ಜಾಗವನ್ನು ಮಾತ್ರ ಬದಲಿಸದೆ ಹಾಗೇ ಇಟ್ಟಿದ್ದಾರೆ. ಅದು ನೈಕಿ ಕ್ಷಿಪಣಿ ನೆಲೆ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ದೊಡ್ಡ ನಗರಗಳ ಸುತ್ತ ಇಂಥ ನೆಲೆಗಳಿದ್ದವು, ಸೋವಿಯತ್ ಬಾಂಬರ್ ವಿಮಾನ ಬಂದರೆ ಆಕಾಶದಲ್ಲೇ ಹೊಡೆಯಲು. 1954ರಿಂದ 1974ರವರೆಗೆ ಕೆಲಸ ಮಾಡಿದ ಈ ನೆಲೆಯನ್ನು ಸ್ವಯಂಸೇವಕರು ಮೊದಲಿದ್ದ ಹಾಗೆ ಸರಿಪಡಿಸಿದ್ದಾರೆ. ಅವರಲ್ಲಿ ಹಲವರು ಅಂದು ಇಂಥ ನೆಲೆಗಳಲ್ಲಿ ದುಡಿದ ಸೈನಿಕರೇ. ನೆಲದಡಿಯ ಗೋದಾಮಿಗೆ ಇಳಿದು ನೋಡಿದೆವು. ಸುಮಾರು 12 ಮೀಟರ್ ಉದ್ದದ ಬಿಳಿ ನೈಕಿ ಹರ್ಕ್ಯುಲಿಸ್ ಕ್ಷಿಪಣಿಗಳು ಹಳಿಗಳ ಮೇಲೆ ಮಲಗಿದ್ದವು. ಲಿಫ್ಟ್ ಗುರುಗುಟ್ಟುತ್ತಾ ಒಂದನ್ನು ಮೇಲಕ್ಕೆ ಎತ್ತಿತು. ಈ ಕ್ಷಿಪಣಿ ಅಣು ಸಿಡಿತಲೆಯನ್ನೂ ಹೊರಬಲ್ಲದ್ದಾಗಿತ್ತು. ಊರು ಉಳಿಸೋಕೆ ಊರಿನ ನೆತ್ತಿಯ ಮೇಲೆ ಅಣುಬಾಂಬ್ ಸಿಡಿಸುವ ಲೆಕ್ಕಾಚಾರ! ಅವ್ವ ಒಳಗೆ ಬರಲೇ ಇಲ್ಲ, ಮೊಮ್ಮಗಳನ್ನು ಎತ್ತಿಕೊಂಡು ಗೇಟಿನ ಬಳಿಯೇ ನಿಂತರು. ಅಪ್ಪ ಮಾತ್ರ ಅಲ್ಲಿನ ಒಬ್ಬ ಹಿರಿಯರ ಜೊತೆ ತಮ್ಮ ಸೇನೆಯ ಇಂಗ್ಲಿಷ್‌ನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ನನ್ನ ಜೊತೆ ಒಂದು ವಾರದಲ್ಲಿ ಅಷ್ಟು ಮಾತಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದದ್ದು ಫೋರ್ಟ್ ಬ್ಯಾರಿಯ ಹೆಡ್‌ಲ್ಯಾಂಡ್ಸ್ ಸೆಂಟರ್ ಫಾರ್ ದಿ ಆರ್ಟ್ಸ್‌ಗೆ. 1907ರ ಸೈನಿಕರ ಬ್ಯಾರಕ್ ಇದರ ಮುಖ್ಯ ಕಟ್ಟಡ. 1982ರಲ್ಲಿ ಹುಟ್ಟಿದ ಈ ಕೇಂದ್ರಕ್ಕೆ ಬೇರೆ ಬೇರೆ ದೇಶಗಳ ಚಿತ್ರಕಾರರು, ಲೇಖಕರು, ಸಂಗೀತಗಾರರು ಬಂದು ಉಳಿದು ಕೆಲಸ ಮಾಡುತ್ತಾರೆ. ಕಟ್ಟಡವನ್ನು ಹೊಸದಾಗಿಸುವ ಹೊಣೆಯನ್ನೂ 1980ರ ದಶಕದಲ್ಲಿ ಕಲಾವಿದರಿಗೇ ಕೊಟ್ಟರು. ಡೇವಿಡ್ ಐರ್‌ಲ್ಯಾಂಡ್ ಎಂಬ ಕಲಾವಿದ ಮಾಡಿದ್ದು ಕೇಳಿದರೆ ನಗು ಬರಬಹುದು. ಗೋಡೆಯ ಮೇಲಿದ್ದ ದಶಕಗಳ ಬಣ್ಣದ ಪದರಗಳನ್ನು ಕೆರೆದು ತೆಗೆಸಿ, ಹೊಸ ಬಣ್ಣ ಬಳಿಯದೆ, ಮೇಲೆ ಪಾರದರ್ಶಕ ವಾರ್ನಿಷ್ ಹಚ್ಚಿಸಿಬಿಟ್ಟ. ಕಲೆ, ಗೀರು, ಹಳೇ ಬಣ್ಣದ ಚೂರು ಎಲ್ಲಾ ಹಾಗೇ ಕಾಣುತ್ತವೆ. ಸೈನಿಕರ ಅಡುಗೆಮನೆ ಮತ್ತು ಊಟದ ಹಾಲ್‌ಗೆ ಹೊಸ ರೂಪ ಕೊಟ್ಟದ್ದು ಆ್ಯನ್ ಹ್ಯಾಮಿಲ್ಟನ್ ಎಂಬ ಕಲಾವಿದೆ. ಸಾಲು ಶೌಚಾಲಯವನ್ನೂ ಬಿಡದೆ ಇಬ್ಬರು ವಾಸ್ತುಶಿಲ್ಪಿಗಳು ಒಂದು ಕಲಾಕೃತಿಯ ಹಾಗೆ ಮರುರೂಪಿಸಿದ್ದಾರೆ.

ಒಳಗೆ ಕಾಲಿಟ್ಟ ಕೂಡಲೇ ಅಪ್ಪನ ನಡಿಗೆಯೇ ಬದಲಾಯಿತು. ಉದ್ದನೆಯ ಹಾಲ್‌ನಲ್ಲಿ ನಿಂತು ಕೈ ಮಾಡಿ ತೋರಿಸಿದರು. "ಎರಡೂ ಬದಿ ಮಂಚ. ನಡುವ ದಾರಿ. ಟ್ರಂಕು ಮಂಚದ ಕೆಳಗ. ಇಲ್ಲಿ ಬಾಗಲ ಹತ್ರ ಹವಾಲ್ದಾರ." ಊಟದ ಹಾಲ್‌ಗೆ ಬಂದಾಗ ಉದ್ದ ಮೇಜಿನ ಮೇಲೆ ಅಂಗೈ ಆಡಿಸಿದರು. "ಯಾವ ದೇಶ ಆದ್ರೂ ಲಂಗರ್ ಲಂಗರೇ ನೋಡು" ಅಂದರು. ನಮ್ಮ ಸೇನೆಯಲ್ಲಿ ಜವಾನರ ಊಟದ ಮನೆಗೆ ಲಂಗರ್ ಅಂತಾರೆ. ಇಲ್ಲಿ ಈಗ ಊಟಕ್ಕೆ ಕೂರೋರು ಕಲಾವಿದರು. ಆದರೂ ದಿನದ ಕೆಲಸ ಮುಗಿಸಿ, ಮನೆಯಿಂದ ದೂರ ಇರುವ ಹತ್ತಾರು ಜನ ಒಂದೇ ಮೇಜಿನಲ್ಲಿ ಉಣ್ಣೋದು ತಪ್ಪಿಲ್ಲ. ಈ ಗೋಡೆಗಳಿಗೆ ನೀಟಾಗಿ ಬಿಳಿ ಬಣ್ಣ ಹೊಡೆದಿದ್ದರೆ ಅಪ್ಪನಿಗೆ ಅದು ಇನ್ನೊಂದು ಗ್ಯಾಲರಿ ಆಗುತ್ತಿತ್ತು, ಐದು ನಿಮಿಷದಲ್ಲಿ "ಸಾಕ ನಡೀರಿ" ಅನ್ನುತ್ತಿದ್ದರು. ಹಳೆಯದನ್ನು ಅಳಿಸದೇ ಇದ್ದದ್ದರಿಂದಲೇ ಅವರಿಗೆ ಆ ಕಟ್ಟಡದಲ್ಲಿ ಜಾಗ ಸಿಕ್ಕಿತು.

ಮಧ್ಯಾಹ್ನ ಫೋರ್ಟ್ ಕ್ರಾಂಕೈಟ್. ಎರಡನೇ ಮಹಾಯುದ್ಧದ ಹೊತ್ತಿಗೆ ತರಾತುರಿಯಲ್ಲಿ ಎಬ್ಬಿಸಿದ ಮರದ ಬ್ಯಾರಕ್‌ಗಳು ಕಡಲ ತೀರದಲ್ಲೇ ಸಾಲಾಗಿ ನಿಂತಿವೆ. ಅವುಗಳಲ್ಲಿ ಕೆಲವು ನೇಚರ್‌ಬ್ರಿಡ್ಜ್ ಎಂಬ ಸಂಸ್ಥೆಯವು. ಶಾಲಾ ಮಕ್ಕಳು ಇಲ್ಲಿ ಬಂದು ಉಳಿದು ಕಡಲು, ಹಿನ್ನೀರು, ಗುಡ್ಡಗಳನ್ನೇ ಪಾಠವಾಗಿ ಓದುತ್ತಾರೆ. ಸೈನಿಕರು ಹಡಗು ಹತ್ತುವ ಮುಂಚೆ ಮಲಗುತ್ತಿದ್ದ ಮಾದರಿಯ ಬ್ಯಾರಕ್‌ಗಳಲ್ಲೇ ಈಗ ಹತ್ತು-ಹನ್ನೆರಡು ವರ್ಷದ ಮಕ್ಕಳು ಒದ್ದೆ ಬೂಟು ಬಿಚ್ಚಿಟ್ಟು ಮಲಗುತ್ತಾರೆ.

ಅಲ್ಲಿಂದ ಗುಡ್ಡ ಹತ್ತಿದರೆ ಬ್ಯಾಟರಿ ಟೌನ್ಸ್‌ಲಿ. ತಿಂಗಳ ಮೊದಲ ಭಾನುವಾರ ಮಾತ್ರ ಇದರ ಒಳಗೆ ಬಿಡುತ್ತಾರೆ, ನಾವು ಆ ದಿನ ಆರಿಸಿದ್ದೇ ಅದಕ್ಕೆ. ಗುಡ್ಡದ ಹೊಟ್ಟೆಯೊಳಗೆ ಕಾಂಕ್ರೀಟ್ ಸುರಂಗ, ಎರಡು ತುದಿಗೆ ಎರಡು ತೋಪಿನ ಮನೆ. ಇಲ್ಲಿದ್ದದ್ದು 16 ಇಂಚಿನ ತೋಪುಗಳು. ಒಂದೊಂದು ಗುಂಡು ಸುಮಾರು 950 ಕಿಲೋ, 40 ಕಿಲೋಮೀಟರ್ ದೂರದ ಹಡಗಿಗೆ ಗುರಿ. ಅಪ್ಪನ ಬೋಫೋರ್ಸ್‌ನ ಗುಂಡು ಸುಮಾರು 43 ಕಿಲೋ. ಅಷ್ಟು ಭಾರವನ್ನು ಸಾಗಿಸಲು ಚಾವಣಿಗೆ ಜೋಡಿಸಿದ ಹಳಿಯನ್ನು ಅಪ್ಪ ತುಂಬಾ ಹೊತ್ತು ತಲೆ ಎತ್ತಿ ನೋಡಿದರು. ಮೂಲ ತೋಪುಗಳು ಯುದ್ಧ ಮುಗಿದ ಮೇಲೆ ಗುಜರಿಗೆ ಹೋದವು. ಅವು ಹೇಗಿದ್ದವು ಅಂತ ತೋರಿಸಲು 2012ರಲ್ಲಿ ಮಿಸ್ಸೂರಿ ಯುದ್ಧನೌಕೆಯ ಒಂದು ತೋಪಿನ ನಳಿಕೆಯನ್ನು ತಂದು ಹೊರಗೆ ಇಟ್ಟಿದ್ದಾರೆ. 1945ರಲ್ಲಿ ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಆ ಹಡಗಿನ ಮೇಲೆಯೇ.

ಟೌನ್ಸ್‌ಲಿಯ ತೋಪುಗಳು ಶತ್ರುವಿನ ಮೇಲೆ ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ. "ಹಂಗಾದ್ರ ಇಷ್ಟೆಲ್ಲಾ ಖರ್ಚು ದಂಡ ಅಲ್ಲೇನಪಾ?" ಅಂತ ನಾನು ಕೇಳಿದೆ. ಅಪ್ಪ ನಳಿಕೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಹಾರಿಸಲಿಲ್ಲ ಅಂದ್ರ ಕೆಲಸ ಮಾಡಲಿಲ್ಲ ಅಂತಲ್ಲ ತಮ್ಮಾ. ಹಾರಿಸೋ ಪ್ರಸಂಗ ಬರಲಿಲ್ಲ. ಇಲ್ಲಿದ್ದ ಹುಡುಗ್ರು ಪುಣ್ಯವಂತರು."

ಕಾರ್ಗಿಲ್ ಬಗ್ಗೆ ಅಪ್ಪ ನನ್ನ ಬಳಿ ಏನಾದರೂ ಹೇಳಿದ್ದಾರೆ ಅಂತಾದರೆ ಅದು ಇಷ್ಟೇ.

ಗುಡ್ಡದ ಕೆಳಗಿನ ತಿರುವಿನಲ್ಲಿ ಮರೀನ್ ಮ್ಯಾಮಲ್ ಸೆಂಟರ್. ದಾರಿ ತಪ್ಪಿದ, ಗಾಯಗೊಂಡ, ಕಾಯಿಲೆ ಬಿದ್ದ ಸೀಲ್ ಮತ್ತು ಕಡಲ ಸಿಂಹಗಳ ಆಸ್ಪತ್ರೆ. ಇದೂ ಒಂದು ನೈಕಿ ಕ್ಷಿಪಣಿ ನೆಲೆಯೇ ಆಗಿತ್ತು. 1975ರಲ್ಲಿ ಕೆಲವೇ ಜನ ಸೇರಿ, ಮಕ್ಕಳು ಆಡುವ ನೀರಿನ ತೊಟ್ಟಿಗಳನ್ನು ಇಟ್ಟುಕೊಂಡು ಇಲ್ಲಿ ಕೆಲಸ ಶುರು ಮಾಡಿದರು. ಈವರೆಗೆ 24,000ಕ್ಕೂ ಹೆಚ್ಚು ಪ್ರಾಣಿಗಳಿಗೆ ಆರೈಕೆ ಸಿಕ್ಕಿದೆ. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ. 2009ರಲ್ಲಿ ಹೊಸ ಕಟ್ಟಡ ಬಂತು. ಎಂಜಿನಿಯರ್ ಆದ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇಲ್ಲಿನ ನೀರಿನ ವ್ಯವಸ್ಥೆ. ಕೊಳಗಳ ನೀರನ್ನು ಶುದ್ಧ ಮಾಡುವ ಯಂತ್ರಗಳ ಒಂದು ಭಾಗವನ್ನು ನೆಲದಡಿಯ ಹಳೇ ಕ್ಷಿಪಣಿ ಗುಂಡಿಯಲ್ಲೇ ಕೂರಿಸಿದ್ದಾರೆ. ಹಿಂದಿನ ದಿನ ಅಂಥದ್ದೇ ಗುಂಡಿಗೆ ಇಳಿದು ಕ್ಷಿಪಣಿ ನೋಡಿ ಬಂದಿದ್ದೆವಲ್ಲ, ಹಾಗಾಗಿ ಕಾಲ ಕೆಳಗೆ ಏನಿದೆ ಅಂತ ಚೆನ್ನಾಗಿ ಗೊತ್ತಿತ್ತು.

ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿದಾಗ ಒಂದು ಕಡಲ ಸಿಂಹ ಈಜುರೆಕ್ಕೆಗಳನ್ನು ಹೊಟ್ಟೆಯ ಮೇಲೆ ಮಡಚಿಕೊಂಡು ಮುದುಡಿ ಮಲಗಿತ್ತು. ಅದು ಲೆಪ್ಟೊಸ್ಪೈರೋಸಿಸ್ ಬಂದ ಪ್ರಾಣಿಗಳ ಲಕ್ಷಣ, ಮೂತ್ರಪಿಂಡ ಹಾಳಾಗುತ್ತೆ ಅಂತ ಅಲ್ಲಿನವರು ವಿವರಿಸಿದರು. ಅವ್ವನಿಗೆ ಕನ್ನಡದಲ್ಲಿ ಹೇಳುವಾಗ ಹೊಳೆಯಿತು, ನಮ್ಮ ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹೆದರಿಸುವ ಇಲಿ ಜ್ವರವೇ ಇದು! ಅದೇ ಜಾತಿಯ ಬ್ಯಾಕ್ಟೀರಿಯಾ, ಇಲ್ಲಿ ಕಡಲ ಸಿಂಹಗಳನ್ನು ಕಾಡುತ್ತದೆ. ಇಲ್ಲಿನ ವಿಜ್ಞಾನಿಗಳು ಇನ್ನೊಂದು ಮುಖ್ಯ ಪತ್ತೆಯನ್ನೂ ಮಾಡಿದ್ದಾರೆ. ಕೆಲವು ಪಾಚಿಗಳು ಡೊಮೋಯಿಕ್ ಆಮ್ಲ ಎಂಬ ವಿಷ ಉತ್ಪಾದಿಸುತ್ತವೆ. ಅದು ಸಣ್ಣ ಮೀನುಗಳ ಮೂಲಕ ಕಡಲ ಸಿಂಹಗಳ ಹೊಟ್ಟೆ ಸೇರಿ ಮೆದುಳನ್ನು ಕೆಡಿಸಿ ಅಪಸ್ಮಾರ ತರುತ್ತೆ. ಕಡಲ ಸಸ್ತನಿಗಳಲ್ಲಿ ಇದನ್ನು ಮೊದಲ ಸಲ ಗುರುತಿಸಿದ್ದು ಇಲ್ಲಿ, 1998ರಲ್ಲಿ. ಅದೇ ವಿಷ ಚಿಪ್ಪುಮೀನಿನ ಮೂಲಕ ಮನುಷ್ಯರಿಗೂ ಬರಬಲ್ಲದು. ಹಾಗಾಗಿ ತೀರಕ್ಕೆ ಬಂದು ಬೀಳುವ ಪ್ರತಿ ಪ್ರಾಣಿಯೂ ಸಮುದ್ರದಲ್ಲಿ ಏನೋ ಸರಿಯಿಲ್ಲ ಅಂತ ನಮಗೆ ಮುಂಚಿತವಾಗಿ ಹೇಳುವ ಸುದ್ದಿಗಾರ. "ನರಮನಿಷ್ಯಾರಿಗೆ ಇಷ್ಟ ಆರೈಕಿ ಸಿಗೂದಿಲ್ಲ" ಅಂದರು ಅವ್ವ. ಆ ಮಾತನ್ನು ತಳ್ಳಿಹಾಕೋಕೆ ನನಗಾಗಲಿಲ್ಲ.

ಕೊನೆಗೆ ಹೋದದ್ದು ಹಾಕ್ ಹಿಲ್, ಗಿಡುಗಗಳ ಗುಡ್ಡ. ಎರಡನೇ ಮಹಾಯುದ್ಧದಲ್ಲಿ ಇಲ್ಲೂ ದೊಡ್ಡ ತೋಪು ನಿಲ್ಲಿಸಲು ಗುಡ್ಡ ಕೊರೆದು ಕಾಂಕ್ರೀಟ್ ಹಾಕಿದರು. ತೋಪು ಕೂರಿಸುವ ಮೊದಲೇ ಕೆಲಸ ನಿಂತಿತು. ನೈಕಿ ಕಾಲದಲ್ಲಿ ಮೇಲೆ ರೆಡಾರ್‌ಗಳಿದ್ದವು. 1980ರ ದಶಕದಿಂದ ಇಲ್ಲಿ ಸ್ವಯಂಸೇವಕರು ಗಿಡುಗ, ಹದ್ದು, ಡೇಗೆಗಳನ್ನು ಎಣಿಸುತ್ತಿದ್ದಾರೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ವಲಸೆ ಹೊರಡುವ ಈ ಹಕ್ಕಿಗಳಿಗೆ ಅಗಲವಾದ ನೀರು ದಾಟೋದು ಇಷ್ಟವಿಲ್ಲ. ನೆಲದಿಂದ ಏಳುವ ಬಿಸಿಗಾಳಿ ನೀರಿನ ಮೇಲೆ ಸಿಗೋದಿಲ್ಲವಲ್ಲ. ಹಾಗಾಗಿ ನೆಲ ಕಿರಿದಾಗುತ್ತಾ ಬರುವ ಈ ತುದಿಯಲ್ಲಿ, ಆಲಿಕೆಗೆ ಹಾಕಿದ ಹಾಗೆ, ಎಲ್ಲಾ ಬಂದು ಸೇರುತ್ತವೆ.

ಎಣಿಸುವವರು ಆಕಾಶವನ್ನು ನಾಲ್ಕು ದಿಕ್ಕಿಗೆ ನಾಲ್ಕು ಭಾಗ ಮಾಡಿಕೊಂಡು, ಒಬ್ಬೊಬ್ಬರು ಒಂದೊಂದು ಭಾಗ ನೋಡುತ್ತಾ ನಿಂತಿದ್ದರು. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಅಪ್ಪನಿಗೆ ಯಾರೂ ವಿವರಿಸಬೇಕಾಗಲಿಲ್ಲ. "ಇದ ನಮ್ಮ ಓಪಿ ಡ್ಯೂಟಿ" ಅಂದರು. ಓಪಿ ಅಂದರೆ ತೋಪಿಗೆ ಗುರಿ ಹೇಳುವವರು ಕೂರುವ ವೀಕ್ಷಣಾ ಠಾಣೆ. ನನ್ನ ದುರ್ಬೀನು ಕೇಳಿ ತೆಗೆದುಕೊಂಡು, ಉತ್ತರಕ್ಕೆ ಮುಖ ಮಾಡಿ ನಿಂತರು. ಮಂಜು ಬಂದು ಸೇತುವೆಯನ್ನು ನುಂಗುವವರೆಗೂ ಅಲ್ಲಿಂದ ಕದಲಲಿಲ್ಲ. ಒಂಬತ್ತು ಗಿಡುಗ ಎಣಿಸಿದ್ದು ಅವರ ಲೆಕ್ಕ.

ಈ ಎರಡು ದಿನದಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಒಂದು ಸರಕಾರಿ ಜಾಗ ತನ್ನ ಮೊದಲ ಕೆಲಸ ಮುಗಿಸಿದಾಗ ನಮ್ಮ ಕಣ್ಣಿಗೆ ಎರಡೇ ದಾರಿ ಕಾಣುತ್ತವೆ: ಹರಾಜು ಹಾಕೋದು, ಇಲ್ಲವೇ ಬೇಲಿ ಹಾಕಿ ಮುಳ್ಳುಕಂಟಿ ಬೆಳೆಯಲು ಬಿಡೋದು. ಮೂರನೆಯ ದಾರಿ ನಿಧಾನದ್ದು. ಅದಕ್ಕೆ ಐವತ್ತು ವರ್ಷ ಹಿಡಿಯಬಹುದು, ನಡುವೆ ಒಂದು ದುಬಾರಿ ಹೋಟೆಲನ್ನೂ ಒಪ್ಪಿಕೊಳ್ಳಬೇಕಾಗಬಹುದು. ಆದರೆ ನೆಲ ಜನರ ಹೆಸರಿನಲ್ಲೇ ಉಳಿಯುತ್ತೆ. ಹಿಂದೆ ಅಲ್ಲಿ ದುಡಿದವರ ಗುರುತೂ ಉಳಿಯುತ್ತೆ.

ನೀವು ಈ ಕಡೆ ಬಂದರೆ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ಒಂದು ದಿನ ಸಾಲದು. ಒಂದೊಂದು ಜಾಗ ತೆರೆಯುವ ದಿನ, ಸಮಯ ಬೇರೆ ಬೇರೆ, ಹೊರಡುವ ಮುಂಚೆ ಆಯಾ ವೆಬ್‌ಸೈಟ್ ನೋಡಿಕೊಳ್ಳಿ. ಗಿಡುಗಗಳು ಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಒಳಗೆ ಹೋಟೆಲುಗಳು ಇಲ್ಲವೆನ್ನುವಷ್ಟು ಕಡಿಮೆ, ಮೊಬೈಲ್ ಸಿಗ್ನಲ್ ನಂಬಬೇಡಿ. ನಾವು ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಬಿಸಿಲಿದ್ದರೂ ಸ್ವೆಟರ್ ಮರೆಯಬೇಡಿ, ಮಧ್ಯಾಹ್ನ ಮೂರರ ಮೇಲೆ ಗಾಳಿ ಯಾರ ಮಾತನ್ನೂ ಕೇಳೋದಿಲ್ಲ. ಮನೆಯಲ್ಲಿ ಸೇನೆಯಲ್ಲಿದ್ದ ಹಿರಿಯರು ಇದ್ದರೆ ಅವರನ್ನು ಖಂಡಿತ ಕರೆದುಕೊಂಡು ಹೋಗಿ. ಗೈಡ್ ಬೇಕಾಗೋದಿಲ್ಲ.